ಕೂಲಿಯೂ ಪಾಸ್‌ಪೋರ್ಟೂ ನಿನ್ನ ಕೈಯಲ್ಲೇ ಇರಲಿ

ಅಂಕೋಲಾ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ನೀನು ಶನಿವಾರ ರಾತ್ರಿಯ ವಿಮಾನಕ್ಕೆ ನಿನ್ನ ಯಜಮಾನರ ಕುಟುಂಬದ ಜೊತೆ ಲಂಡನ್ನಿಗೆ ಹೊರಡುತ್ತೀ ಎಂದು ತಿಳಿದ ದಿನ ನಾವಿಬ್ಬರೂ ಫೋನಿನಲ್ಲಿ ಏನೇನು ಆಡಿಕೊಂಡೆವೆಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಕೆದಕುವುದಿಲ್ಲ. ನಿನ್ನ ಮನಸ್ಸಿಗೆ ನೋವಾಗಿದ್ದರೆ ನನಗೂ ಸಂಕಟವೇ, ಅಮ್ಮನ ಮೇಲೆ ಮುನಿಸು ಇಟ್ಟುಕೊಂಡು ವಿಮಾನ ಹತ್ತಬೇಡ. ಆದರೆ ಫೋನ್ ಇಡುವ ಮುಂಚೆ ನೀನು ಹೇಳಿದ ಮಾತು, ‘ಪಾಸ್‌ಪೋರ್ಟ್ ಅವರ ಆಫೀಸಿನಲ್ಲೇ ಇದೆ ಅಮ್ಮಾ, ಎಲ್ಲರದೂ ಒಟ್ಟಿಗಿದ್ದರೆ ಭದ್ರ’ ಎಂಬ ಮಾತು, ಅಂದಿನಿಂದ ನನಗೆ ನಿದ್ದೆ ಕೊಟ್ಟಿಲ್ಲ. ಅದೊಂದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನೀನು ಮನೆಗೆಲಸದ ವೃತ್ತಿ ಹಿಡಿದದ್ದಕ್ಕೆ ನನಗೆ ನಾಚಿಕೆಯಿದೆ ಎಂದು ನೀನು ತಿಳಿದಿದ್ದೀ. ಹಾಗಿಲ್ಲ. ಕಳೆದ ಚೌತಿಗೆ ಬಂದಾಗ ನನ್ನ ಹಳೆಯ ಇಳಕಲ್ ಸೀರೆಗೆ ನೀರು ಚಿಮುಕಿಸಿ, ಬಿಗಿಯಾಗಿ ಸುತ್ತಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಸೆರಗನ್ನು ಒಳಮೈಯಿಂದ ಇಸ್ತ್ರಿ ಮಾಡಿ ಕೊಟ್ಟೆಯಲ್ಲ, ಆ ಸೀರೆಯನ್ನು ನಾನು ಇನ್ನೂ ಮಡಿಕೆ ಬಿಚ್ಚದೆ ಇಟ್ಟಿದ್ದೇನೆ. ಬೆಳ್ಳಿಯ ಪಾತ್ರೆ ಕಪ್ಪಾಗದಂತೆ ಇಡುವುದು, ನಲವತ್ತು ಮಂದಿಯ ಪಂಕ್ತಿಗೆ ಮೇಜು ಸಿದ್ಧಪಡಿಸುವುದು, ಬಂದವರ ಮುಖ ನೋಡಿ ಯಾರಿಗೆ ಏನು ಬೇಕೆಂದು ತಿಳಿಯುವುದು, ಇವೆಲ್ಲ ಸುಲಭದ ವಿದ್ಯೆಗಳಲ್ಲ. ನೀನು ದುಡಿಯುತ್ತಿದ್ದ ಹೋಟೆಲಿಗೇ ಹಿಂದೊಂದು ಕಾಲದಲ್ಲಿ ಸಂಸ್ಥಾನ ಆಳಿದ ಮನೆತನವೊಂದು ನಿನ್ನನ್ನು ಹುಡುಕಿಕೊಂಡು ಬಂದು ಮುಂಬೈಯ ತಮ್ಮ ಮನೆಗೆ ಕರೆದೊಯ್ದಿತೆಂದರೆ ಅದು ನಿನ್ನ ಕೈಗುಣ. ಇದನ್ನು ನಾನು ಇಲ್ಲಿ ಹಲವರಿಗೆ ಹೇಳಿದ್ದೇನೆ. ಕೆಲಸ ನನ್ನನ್ನು ಹೆದರಿಸುವುದಿಲ್ಲ, ಮನೆ ಹೆದರಿಸುತ್ತದೆ. 1971ರಲ್ಲಿ ಸರ್ಕಾರ ಹಳೆಯ ಅರಸರಿಗೆ ಕೊಡುತ್ತಿದ್ದ ರಾಜಧನವನ್ನೂ ರಾಜರೆಂಬ ಮಾನ್ಯತೆಯನ್ನೂ ತೆಗೆದುಹಾಕಿತು. ಆದರೂ ಇಂದಿಗೂ ಆ ಮನೆಯಲ್ಲಿ ಯಜಮಾನರನ್ನು ‘ಹುಕುಂ’ ಎಂದೇ ಕರೆಯಬೇಕು, ಅವರ ಕಡೆಗೆ ಬೆನ್ನು ಹಾಕಿ ಕೋಣೆಯಿಂದ ಹೊರಗೆ ಬರಬಾರದು ಎಂದು ನೀನೇ ನಗುತ್ತ ಹೇಳಿದ್ದೆ. ನನಗೆ ನಗು ಬರಲಿಲ್ಲ.

ನಿನ್ನ ಅಜ್ಜಿ ಗಂಡ ಹೋದ ಮೇಲೆ ನನ್ನನ್ನು ಕರೆದುಕೊಂಡು ದೇವಿಮನೆ ಘಟ್ಟ ಹತ್ತಿದ್ದು, ಶಿರಸಿ ಸೀಮೆಯ ಆ ದೊಡ್ಡ ಮನೆಯ ಚಾಕರಿಗೆ ನಿಂತದ್ದು, ಮುಂದೆ ನಾನು ಶಿಕ್ಷಕಿಯಾದದ್ದು, ಇವೆಲ್ಲ ನೀನು ಬಲ್ಲ ಸಂಗತಿಗಳು. ಒಂದು ಸಂಜೆಯ ಸಂಗತಿಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಅವ್ವನ ದಿನ ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸುವುದರಿಂದ ಶುರುವಾಗುತ್ತಿತ್ತು. ಕೊಟ್ಟಿಗೆಯ ಸೆಗಣಿ ಬಾಚಿ, ದರಕು, ಅಂದರೆ ಒಣಗಿದ ಎಲೆ, ಹಾಸಿ, ಬಚ್ಚಲ ಹಂಡೆಗೆ ನೀರು ತುಂಬಿ ಉರಿ ಹಾಕಿ, ಹಿತ್ತಿಲಿನ ಅಬ್ಬಿ ನೀರಿನ ಕೆಳಗೆ ರಾಶಿ ಪಾತ್ರೆಗಳನ್ನು ಬೂದಿ ಹಚ್ಚಿ ಬೆಳಗಿ, ಸುಗ್ಗಿಯಲ್ಲಾದರೆ ರಾತ್ರಿ ಉಂಡ ನಂತರವೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದರೆ ಆ ದಿನ ಮುಗಿಯಿತೆಂದು ಅರ್ಥ. ಅವಳು ಬೆಳಗಿಟ್ಟ ಪಾತ್ರೆಗಳಿಗೆ ಒಳಗಿನವರು ಮತ್ತೊಮ್ಮೆ ನೀರು ಹೊಯ್ದುಕೊಂಡೇ ಒಯ್ಯುತ್ತಿದ್ದರು. ನಮ್ಮ ಚಹಾದ ಲೋಟಗಳು ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಬೇರೆಯೇ ಇರುತ್ತಿದ್ದವು. ಅಕ್ಕಿ, ಬೆಲ್ಲ, ವರ್ಷಕ್ಕೊಂದು ಸೀರೆ, ಮಳೆಗಾಲಕ್ಕೆ ಕಂಬಳಿ ಇವಕ್ಕೆ ಕೊರತೆಯಿರಲಿಲ್ಲ. ಆದರೆ ಸಂಬಳವೆಂಬುದು ಒಡೆಯರ ಲೆಕ್ಕದ ವಹಿಯೊಳಗಿನ ಒಂದು ಸಾಲು. ಅದನ್ನು ನಾವು ಕೈಯಲ್ಲಿ ಹಿಡಿದು ನೋಡಿದವರಲ್ಲ. ಕೇಳಿದರೆ ‘ನಿನ್ನ ದುಡ್ಡು ಎಲ್ಲಿ ಹೋಗ್ತದೆ, ನಮ್ಮ ಪೆಟ್ಟಿಗೆಯಲ್ಲೇ ಭದ್ರವಾಗಿ ಇದೆಯಲ್ಲ’ ಎನ್ನುತ್ತಿದ್ದರು.

ನಾನು ಏಳನೇ ಇಯತ್ತೆ ಪಾಸಾಗಿದ್ದೆ. ಘಟ್ಟದ ಕೆಳಗೆ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುವುದೆಂದು ಮಾತಾಗಿತ್ತು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಯಲ್ಲಿ ನಮ್ಮಂಥವರ ಮಕ್ಕಳಿಗೂ ಜಾಗವಿದೆ ಎಂದು ಮಾವ ಹೇಳಿಕಳಿಸಿದ್ದರು. ಬಸ್ಸಿನ ಖರ್ಚು, ಪುಸ್ತಕ, ಎರಡು ಲಂಗ, ಇಷ್ಟಕ್ಕೆ ಬೇಕಾದ ದುಡ್ಡನ್ನು ಕೇಳಲು ಅವ್ವ ಆ ಸಂಜೆ ಜಗಲಿಯ ಕೆಳಗೆ, ಚಪ್ಪರದ ಕಂಬದ ಪಕ್ಕ ಬಂದು ನಿಂತಳು. ನಾನು ಕಂಬದ ಹಿಂದಿದ್ದೆ. ಜಗಲಿಯ ಮೇಲೆ ಒಡೆಯರು ಪೇಟೆಯಿಂದ ಬಂದವರ ಜೊತೆ ಅಡಿಕೆಯ ದರ ಮಾತಾಡುತ್ತಿದ್ದರು. ಅವ್ವ ಬಾಯಿ ತೆರೆಯಲಿಲ್ಲ. ಅವಳು ಬಂದದ್ದನ್ನು ಅವರು ನೋಡಿದ್ದರು, ನೋಡಿದ ಮೇಲೆ ತಾವೇ ಕೇಳುತ್ತಾರೆ ಎಂಬ ನಂಬಿಕೆ. ಮಾತು ಅಡಿಕೆಯಿಂದ ಮಾರಿಕಾಂಬಾ ಜಾತ್ರೆಗೆ ಹೋಯಿತು, ಜಾತ್ರೆಯಿಂದ ಯಾರದೋ ಮದುವೆಗೆ ಹೋಯಿತು. ಕವಳದ ತಟ್ಟೆ ಸುತ್ತು ಹೊಡೆಯಿತು. ಅವ್ವ ನಿಂತೇ ಇದ್ದಳು.

ನನ್ನ ಕಣ್ಣಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಪಾದ ಕಾಣುತ್ತಿತ್ತು. ಬಲಗಾಲಿನ ಹೆಬ್ಬೆರಳು ಸಗಣಿ ಸಾರಿಸಿದ ನೆಲವನ್ನು ಅತ್ತಿಂದಿತ್ತ ಕೆರೆಯುತ್ತಿತ್ತು. ಮೊದಲು ಮೇಲಿನ ಸಗಣಿಯ ಪದರ ಎದ್ದಿತು, ಆಮೇಲೆ ಕೆಳಗಿನ ಕೆಂಪು ಮಣ್ಣು ಕಾಣಿಸಿತು. ಕತ್ತಲಾಗುವ ಹೊತ್ತಿಗೆ ಅಲ್ಲಿ ನನ್ನ ಅಂಗೈ ಅಗಲದ, ಅರ್ಧಚಂದ್ರದಂಥ ಒಂದು ಗುಂಡಿ ಬಿದ್ದಿತ್ತು. ಒಳಗಿನಿಂದ ದೀಪ ಬಂತು. ಒಡೆಯರು ಏಳುತ್ತ ಇವಳ ಕಡೆ ತಿರುಗಿ, ‘ಏನೇ? ನಾಳೆ ನೋಡೋಣ’ ಎಂದು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅಂಗಳ ಸಾರಿಸುವ ಕೆಲಸ ನನ್ನದಾಗಿತ್ತು. ಆ ಗುಂಡಿಗೆ ಮಣ್ಣು ತುಂಬಿ, ತಟ್ಟಿ, ಮೇಲೆ ಸಗಣಿ ನೀರು ಎಳೆದವಳು ನಾನೇ. ಒಂದು ಸಲ ಎಳೆದರೆ ಕಲೆ ಹೋಗಲಿಲ್ಲ, ಮತ್ತೊಮ್ಮೆ ಎಳೆದೆ.

ಒಡೆಯರು ಕೆಟ್ಟವರಾಗಿರಲಿಲ್ಲ ಎಂಬುದನ್ನು ನೀನು ಗಮನವಿಟ್ಟು ಓದಬೇಕು. ನನಗೆ ಜ್ವರ ಬಂದಾಗ ಜೀಪು ಮಾಡಿಸಿ ಶಿರಸಿಯ ಡಾಕ್ಟರ ಹತ್ತಿರ ಕಳಿಸಿದವರು ಅವರೇ. ಒಡತಿ ನನಗೆ ಪಾಟಿ ಕೊಡಿಸಿದ್ದರು, ‘ನಮ್ಮ ಮನೆ ಹುಡುಗಿಯೇ’ ಎಂದು ಬಂದವರಿಗೆ ಹೇಳುತ್ತಿದ್ದರು. ಆ ಮಾತಿನಲ್ಲಿ ಪ್ರೀತಿಯೂ ಇತ್ತು. ಆದರೆ ಮನೆಯ ಹುಡುಗಿ ಸಂಬಳ ಕೇಳುವುದು ಹೇಗೆ? ಅವ್ವನಿಗೆ ನಾಲಿಗೆ ಏಳದಂತೆ ಮಾಡಿದ್ದು ಬೈಗುಳವಲ್ಲ, ಆ ಉಪಕಾರಗಳು. ನಿನ್ನ ಯಜಮಾನಿತಿ ನಿನ್ನ ಹುಟ್ಟುಹಬ್ಬಕ್ಕೆ ಕೈಗಡಿಯಾರ ಕೊಟ್ಟರೆಂದು ನೀನು ಸಂತೋಷದಿಂದ ಹೇಳಿದಾಗ ನಾನು ಸುಮ್ಮನಾದದ್ದು ಅದಕ್ಕೇ. ಆ ಹೆಬ್ಬೆರಳು ಮತ್ತೆ ಕಣ್ಣಿಗೆ ಕಟ್ಟಿತು.

ಆಮೇಲೆ ಕಾಲ ಬದಲಾಯಿತು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚಿನಿಂದ ಜಾರಿಗೆ ಬಂದಾಗ ನಮ್ಮ ಜಿಲ್ಲೆಯ ಗೇಣಿದಾರರು ಫಾರಂ ನಂಬರ್ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತು ತಾವು ಉತ್ತ ಭೂಮಿಯನ್ನು ಕೇಳಿ ಪಡೆದರು. ಅವರ ಹತ್ತಿರ ಗೇಣಿ ಚೀಟಿಯಿತ್ತು, ಇಲ್ಲದಿದ್ದರೆ ಸಾಕ್ಷಿ ಹೇಳುವ ಅಕ್ಕಪಕ್ಕದ ಗದ್ದೆಯವರಿದ್ದರು. ಹಿತ್ತಿಲಲ್ಲಿ ಪಾತ್ರೆ ಬೆಳಗಿದವಳ ಹತ್ತಿರ ಯಾವ ಚೀಟಿ ಇರಬೇಕು, ಯಾರು ಸಾಕ್ಷಿ ಹೇಳಬೇಕು? 1976ರಲ್ಲಿ ಜೀತಪದ್ಧತಿಯ ವಿರುದ್ಧ ಕಾನೂನು ಬಂತು. ಮನೆಗೆಲಸದವರಿಗೆ ಕನಿಷ್ಠ ಕೂಲಿ ಇಷ್ಟೆಂದು ನಮ್ಮ ರಾಜ್ಯ ಸರ್ಕಾರ ಗೊತ್ತುಮಾಡಲು 2004 ಆಗಬೇಕಾಯಿತು. ಅಷ್ಟರಲ್ಲಿ ನಿನ್ನ ಅಜ್ಜಿಯ ಕೈ ಸೋತಿತ್ತು.

ಇನ್ನು ನೀನು ಹೋಗುತ್ತಿರುವ ಊರಿನ ವಿಷಯ. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ತಮ್ಮ ದೇಶಕ್ಕೆ ಮರಳುವ ದೊರೆಗಳ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನಮ್ಮ ಆಯಾಗಳನ್ನು ಕರೆದೊಯ್ಯುತ್ತಿದ್ದವು. ದಡ ಸೇರಿದ ಮೇಲೆ ಎಷ್ಟೋ ಮಂದಿಯನ್ನು ಹಿಂತಿರುಗುವ ಟಿಕೆಟ್ಟೂ ಕೊಡದೆ ಬಿಟ್ಟುಬಿಡುತ್ತಿದ್ದರು. ಅಂಥವರಿಗಾಗಿ ಲಂಡನ್ನಿನಲ್ಲಿ ಒಂದು ಆಯಾಗಳ ಆಶ್ರಯಮನೆಯೇ ಇತ್ತು. 1900ರಲ್ಲಿ ಅದು ಹ್ಯಾಕ್ನಿ ಎಂಬಲ್ಲಿನ ಕಿಂಗ್ ಎಡ್ವರ್ಡ್ಸ್ ರಸ್ತೆಗೆ ಬಂತು. ಆ ರಸ್ತೆಯ ಮನೆಯ ಗೋಡೆಗೆ 2022ರಲ್ಲಿ ನೀಲಿ ಫಲಕ ಹಾಕಿ ಅವರನ್ನು ನೆನೆದಿದ್ದಾರೆ. ಬಿಡುವು ಸಿಕ್ಕಿದ ದಿನ ಹೋಗಿ ನೋಡು. ವಾರಕ್ಕೊಂದು ದಿನ ಬಿಡುವು ಸಿಗಲೇಬೇಕು, ಅದನ್ನೂ ಕೇಳಿ ಇಟ್ಟುಕೋ.

ನಿನ್ನ ತಮ್ಮನ ಕೈಯಲ್ಲಿ ಓದಿಸಿಕೊಂಡು ನಾನು ತಿಳಿದುಕೊಂಡದ್ದನ್ನು ಬರೆಯುತ್ತೇನೆ. ಪಾಠ ಹೇಳುತ್ತಿದ್ದೇನೆ ಎನಿಸಿದರೂ ಪೂರ್ತಿ ಓದು. ಯಜಮಾನರ ಜೊತೆ ಹೋಗುವ ಮನೆಗೆಲಸದವರಿಗೆ ಕೊಡುವ ನಿನ್ನ ಈ ವೀಸಾ ಆರು ತಿಂಗಳಿನದು, ಅದನ್ನು ಮುಂದುವರಿಸಲು ಬರುವುದಿಲ್ಲ. 2012ರಲ್ಲಿ ಅಲ್ಲಿನ ಸರ್ಕಾರ ಈ ವೀಸಾದವರು ಕರೆತಂದ ಮನೆಯನ್ನು ಬಿಟ್ಟು ಬೇರೆಡೆ ದುಡಿಯುವಂತಿಲ್ಲ ಎಂದು ಕಟ್ಟಿಹಾಕಿತ್ತು. 2016ರಲ್ಲಿ ಅದನ್ನು ಸಡಿಲಿಸಿ, ವೀಸಾ ಇರುವಷ್ಟು ದಿನ ಬೇರೆ ಮನೆಯ ಕೆಲಸಕ್ಕೆ ಸೇರಬಹುದು ಎಂದು ಮಾಡಿದೆ. ಕೆಲಸದ ಷರತ್ತುಗಳನ್ನು ಬರೆದು ಸಹಿ ಹಾಕಿದ ಕಾಗದ ವೀಸಾ ಅರ್ಜಿಯ ಜೊತೆಗೇ ಹೋಗಿರುತ್ತದೆ. ಅದರ ಪ್ರತಿ ನಿನ್ನ ಹತ್ತಿರ ಇದೆಯೇ? ಇಲ್ಲದಿದ್ದರೆ ಕೇಳಿ ತೆಗೆದುಕೋ. ಮನೆಯಲ್ಲೇ ಉಳಿದು ಮನೆಯವರಂತೆ ಇರುವವರಿಗೆ ಕನಿಷ್ಠ ವೇತನ ಕೊಡಬೇಕಿಲ್ಲ ಎಂಬ ವಿನಾಯಿತಿ ಅಲ್ಲಿ ಬಹಳ ಕಾಲ ಇತ್ತಂತೆ, 2024ರ ಏಪ್ರಿಲಿನಲ್ಲಿ ಅದನ್ನು ತೆಗೆದಿದ್ದಾರೆ. ಆದ್ದರಿಂದ ‘ನೀನು ನಮ್ಮವಳೇ ಅಲ್ಲವೇ’ ಎಂದು ಯಾರಾದರೂ ಅಂದರೆ ಸಂತೋಷಪಡು, ಸಂಬಳವನ್ನು ಮಾತ್ರ ತಿಂಗಳ ತಿಂಗಳಿಗೆ ನಿನ್ನ ಹೆಸರಿನ ಖಾತೆಗೆ ಹಾಕಿಸಿಕೋ. ಎಷ್ಟು ಹೊತ್ತು ದುಡಿದೆ ಎಂಬುದನ್ನು ದಿನವೂ ಒಂದು ನೋಟ್‌ಪುಸ್ತಕದಲ್ಲಿ ನಿನ್ನ ಕೈಯಾರೆ ಬರೆದಿಡು.

ಪಾಸ್‌ಪೋರ್ಟಿನ ವಿಷಯ ಎಲ್ಲಕ್ಕಿಂತ ಮುಖ್ಯ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ ಸ್ವತ್ತು. ಅದನ್ನು ಕೈಯಲ್ಲಿಟ್ಟುಕೊಳ್ಳುವ ಅಧಿಕಾರ ನಿನಗಿದೆ, ನಿನ್ನ ಯಜಮಾನರಿಗೆ ಇಲ್ಲ, ಅವರ ಪೂರ್ವಜರು ಯಾವ ಸಂಸ್ಥಾನ ಆಳಿದ್ದರೂ ಇಲ್ಲ. ಒಳ್ಳೆಯವರೇ ಆಗಿದ್ದರೆ ಕೇಳಿದ ಕೂಡಲೇ ಕೊಡುತ್ತಾರೆ. ಕೇಳುವಾಗ ನಿಂತು ಕಾಯಬೇಡ, ಅವರಿಗೆ ಬಿಡುವಾಗಲಿ ಎಂದೂ ನೋಡಬೇಡ. ಯಾರ ಎದುರಿನಲ್ಲಾದರೂ ಸರಿ, ತಲೆಯೆತ್ತಿ, ಸ್ಪಷ್ಟವಾಗಿ, ವಿನಯದಿಂದ ಕೇಳು. ಅಲ್ಲಿ ಹೋದ ಮೇಲೆ ತೊಂದರೆಯಾದರೆ ಆಲ್ಡ್‌ವಿಚ್ ಎಂಬಲ್ಲಿರುವ ಇಂಡಿಯಾ ಹೌಸಿಗೆ, ನಮ್ಮ ಹೈಕಮಿಷನ್ನಿಗೆ ಹೋಗು.

ಪಕ್ಕದ ಮನೆಯ ಹುಡುಗ ನಾಳೆ ಮುಂಬೈಗೆ ಬರುತ್ತಿದ್ದಾನೆ. ಅವನ ಕೈಯಲ್ಲೇ ಈ ಪತ್ರವನ್ನೂ ಮಿಡಿ ಉಪ್ಪಿನಕಾಯಿಯನ್ನೂ ಕಳಿಸುತ್ತಿದ್ದೇನೆ. ಭರಣಿಗೆ ಮೇಣದ ಬಟ್ಟೆ ಬಿಗಿದಿದೆ, ವಿಮಾನದ ಚೀಲದಲ್ಲಿ ನೆಟ್ಟಗೆ ಇಡು. ಚಳಿಗೆ ನಿನ್ನ ಕೈ ಒಡೆಯುತ್ತದೆ, ರಾತ್ರಿ ತೆಂಗಿನೆಣ್ಣೆ ಹಚ್ಚಿಕೋ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಅದನ್ನು ನೀನು ಹಿಡಿದುಕೊಂಡಿರುವ ಫೋಟೋ ತೆಗೆದು ತಮ್ಮನ ಮೊಬೈಲಿಗೆ ಕಳಿಸು. ಗುರುವಾರದ ಮತ್ಸ್ಯಗಂಧ ರೈಲಿಗೆ ಕಾರವಾರದಿಂದ ನನ್ನ ಹೆಸರಿನಲ್ಲಿ ಒಂದು ಟಿಕೆಟ್ ತೆಗೆಸಿ ಇಟ್ಟಿದ್ದೇನೆ. ಆ ದಿನ ಮಧ್ಯಾಹ್ನದೊಳಗೆ ಫೋಟೋ ಬಂದರೆ ಟಿಕೆಟ್ ರದ್ದು ಮಾಡಿಸುತ್ತೇನೆ. ಬಾರದಿದ್ದರೆ ಶುಕ್ರವಾರ ಬೆಳಿಗ್ಗೆ ನಾನು ಆ ಮನೆಯ ಬಾಗಿಲಲ್ಲಿರುತ್ತೇನೆ, ನಾನೇ ಕೇಳುತ್ತೇನೆ.

ಇಂತಿ,
ನಿನ್ನ ಅಮ್ಮ