ತಾಮ್ರದ ತಂತಿಗೆ ಇನ್ನೆಷ್ಟು ತೇಪೆ? ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಮಲೆನಾಡಿನ ಅಡಿಕೆ ತೋಟದ ನಡುವಿನ ಒಂಟಿಮನೆಯಿಂದ ಬರೆಯುತ್ತಿದ್ದೇನೆ. ಗುಡುಗು ಕೇಳಿದರೆ ನಾವು ಅಂಗಳದ ಅಡಿಕೆ ಎತ್ತುವುದಕ್ಕೂ ಮೊದಲು ಫೋನ್ ಲೈನಿನಲ್ಲಿ ಬರುವ ಇಂಟರ್ನೆಟ್ಟಿನ ಮೋಡೆಮ್ ವೈರು ಕೀಳುತ್ತೇವೆ. ಒಮ್ಮೆ ಮರೆತೆವು, ಮೋಡೆಮ್ ಸುಟ್ಟಿತು.

ಕಳೆದ ಮಳೆಗಾಲದಲ್ಲಿ ಫೋನಿನಲ್ಲಿ ಬರೀ ಕರಕರ. ಲೈನ್‌ಮ್ಯಾನ್ ಬಂದು ಗದ್ದೆಯ ಬದುವಿನಲ್ಲಿ ಅಗೆದು ಕೇಬಲ್ಲಿನ ಜಾಯಿಂಟ್ ಬಿಚ್ಚಿದರು. ಒಳಗೆ ಕೆಸರುನೀರು, ತಂತಿಗೆಲ್ಲ ಹಸಿರು ಕಿಲುಬು. ಒರೆಸಿ, ತಿರುಚಿ, ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿ ಮಣ್ಣು ಮುಚ್ಚಿದರು. “ಮುಂದಿನ ಮಳೆವರೆಗೆ ತಡೀಬಹುದು” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಕೊಟ್ಟಿರುವ ಸಾಮಾನೇ ಅಷ್ಟು.

ತಾಮ್ರದ ತಂತಿಯಲ್ಲಿ ಇಂಟರ್ನೆಟ್ಟಿಗೆ ವೇಗ ಬರುವುದೇ ಇಲ್ಲ ಎನ್ನಲಾರೆ. ಬ್ರಿಟನ್ನಿನಲ್ಲಿ ಬೀದಿಬದಿಯ ಪೆಟ್ಟಿಗೆಯವರೆಗೆ ಫೈಬರ್ (ಗಾಜಿನ ಎಳೆಯ ಕೇಬಲ್) ಎಳೆದು, ಅಲ್ಲಿಂದ ಮನೆಗೆ ಹಳೆಯ ತಾಮ್ರವನ್ನೇ ಉಳಿಸಿಕೊಂಡು ಸೆಕೆಂಡಿಗೆ 80 ಮೆಗಾಬಿಟ್ (ಎಂಬಿಪಿಎಸ್) ವರೆಗೂ ಕೊಟ್ಟರು. ಪೆಟ್ಟಿಗೆ ಕೂಗಳತೆಯಲ್ಲಿದ್ದರೆ ಅದು ನಡೆಯುತ್ತದೆ. ದೂರ ಹೆಚ್ಚಿದಂತೆ ತಾಮ್ರದಲ್ಲಿ ಸಿಗ್ನಲ್ ಸೊರಗುತ್ತದೆ. ಫೋನ್ ತಂತಿಯಲ್ಲೇ ಇಂಟರ್ನೆಟ್ ಕೊಡುವ ಎಡಿಎಸ್‌ಎಲ್2 ಪ್ಲಸ್ ತಂತ್ರಜ್ಞಾನ ಎಕ್ಸ್‌ಚೇಂಜಿನ ಪಕ್ಕದಲ್ಲಿ 24 ಎಂಬಿಪಿಎಸ್ ಕೊಟ್ಟರೆ ಐದು ಕಿಲೋಮೀಟರ್ ಆಚೆ ಒಂದೆರಡಕ್ಕೆ ಇಳಿಯುತ್ತದೆ. ನಮ್ಮಲ್ಲಿ ಪಕ್ಕದ ಮನೆಗೇ ಅರ್ಧ ಕಿಲೋಮೀಟರ್! ಇಲ್ಲಿ ಹಳೆಯ ತಂತಿಗೆ ಹೊಸ ಯಂತ್ರ ಜೋಡಿಸಿದರೆ ದುಡ್ಡು ಹೊಳೆಗೆ ಹಾಕಿದಂತೆ. 2 ಎಂಬಿಪಿಎಸ್‌ಗಿಂತ ಕಡಿಮೆಯಾದರೆ ಅದು ಬ್ರಾಡ್‌ಬ್ಯಾಂಡೇ ಅಲ್ಲ ಎಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ. ಹಾಗಾದರೆ ನಾನು ತಿಂಗಳು ತಿಂಗಳು ಬಿಲ್ ಕಟ್ಟುತ್ತಿರುವುದು ಯಾವುದಕ್ಕೆ?

ಅದೇ ವರ್ಷದ ಆಗಸ್ಟಿನಲ್ಲಿ, ಹಳ್ಳಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್‌ನ ಪರಿಷ್ಕೃತ ಯೋಜನೆಗೆ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಫೈಬರ್ ಪಂಚಾಯಿತಿ ಕಚೇರಿಗೆ ಬಂದು ನಿಂತರೆ ನಮ್ಮ ಪಾಲಿಗೆ ಅದು ಬರೀ ಸುದ್ದಿ. ನಮ್ಮ ಭಾಗದ ಒಂಟಿಮನೆಗಳಿಗೂ ಕರೆಂಟಿನ ಕಂಬ ಬಂದಿದೆಯಲ್ಲ, ಅದೇ ಕಂಬದ ಮೇಲೆ ಫೈಬರ್ ಎಳೆಸಿ. ಗಾಜಿನ ಎಳೆಗೆ ಕಿಲುಬು ಹಿಡಿಯುವುದಿಲ್ಲ, ಅದರಲ್ಲಿ ಸಿಡಿಲು ಹರಿದು ಮನೆಯೊಳಗೆ ಬರುವುದಿಲ್ಲ. ಒಂದು ಎಳೆಗೆ ಸ್ಪ್ಲಿಟರ್ ಹಾಕಿ 32 ಮನೆಗೆ ಹಂಚಬಹುದು. ಮರ ಬಿದ್ದರೆ ತುಂಡಾಗುತ್ತದೆ, ಒಪ್ಪುತ್ತೇನೆ. ಆದರೆ ತುಂಡಾದದ್ದು ಕಣ್ಣಿಗೆ ಕಾಣುತ್ತದೆ, ಗದ್ದೆ ಅಗೆಯಬೇಕಿಲ್ಲ.

ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆಂದು ಮಗಳು ಊರಿಗೆ ಬಂದಿದ್ದಾಳೆ. ಮೀಟಿಂಗ್ ಇದ್ದ ದಿನ ಛತ್ರಿ ಹಿಡಿದು ಗುಡ್ಡ ಹತ್ತುತ್ತಾಳೆ.

ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಪ್ರಗತಿ ಪರಿಶೀಲಿಸಲು ತಾವೇ ಅಧ್ಯಕ್ಷತೆ ವಹಿಸುವ ದಿಶಾ ಸಭೆಯಲ್ಲಿ ಅಧಿಕಾರಿಗಳನ್ನು ಕೇಳಿ: ಪಂಚಾಯಿತಿಯಿಂದ ಮುಂದೆ ಯಾವ ಮನೆಗೆ, ಯಾವ ತಿಂಗಳಲ್ಲಿ ಫೈಬರ್? ಅವರು ಕೊಟ್ಟ ಉತ್ತರವನ್ನು ನಮ್ಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಾಕಿಸಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ