ಕುಮಾರಪರ್ವತಕ್ಕೆ ಹೊರಟ ಮಗನಿಗೆ

ಚಿ. ಅನಿರುದ್ಧನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಡಿಸೆಂಬರಿನಲ್ಲಿ ನೀನು ನಾಲ್ವರು ಗೆಳೆಯರೊಡನೆ ಕುಕ್ಕೆಯ ಕಡೆಯಿಂದ ಕುಮಾರಪರ್ವತ ಏರಲಿರುವ ಸುದ್ದಿಯನ್ನು ನಿನ್ನ ಅಮ್ಮ ತಿಳಿಸಿದಾಗ ನನಗೆ ಬಹಳ ಸಂತೋಷವಾಯಿತು. ಏರುವುದರ ಬಗ್ಗೆ ನಿನಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರು. ನಾನು ಇಳಿಯುವುದರ ಬಗ್ಗೆ ಬರೆಯುತ್ತೇನೆ.

ಶಿಖರದ ಎತ್ತರ 1,712 ಮೀಟರ್, ಕುಕ್ಕೆಯಿರುವುದು ಘಟ್ಟದ ಬುಡದಲ್ಲಿ. ಹೀಗಾಗಿ ಏರಿದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಎತ್ತರವನ್ನು ಅದೇ ಕಾಲುಗಳು ಮರಳಿ ಇಳಿಯಬೇಕು. ಏರುವಾಗ ಕಟ್ಟುವ ಉಸಿರು ಎರಡು ನಿಮಿಷ ನಿಂತರೆ ಹದಕ್ಕೆ ಬರುತ್ತದೆ. ಇಳಿಯುವಾಗಲಾದರೋ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾಗಿರುವುದರಿಂದ, ಒಮ್ಮೆ ಸೋತು ನಡುಗತೊಡಗಿದರೆ ಅಂದು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ನೀನು ಮೈಸೂರಿನಲ್ಲೇ ಇದ್ದೀಯೆ. ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿದುಬರುವ ಅಭ್ಯಾಸ ಬಿಟ್ಟು, ವಾರಕ್ಕೆರಡು ಬಾರಿ ಬೆನ್ನಿಗೆ ಚೀಲ ಹೊತ್ತು ಮೆಟ್ಟಿಲಲ್ಲೇ ಇಳಿದು ಬಾ.

ನಿನ್ನ ವಯಸ್ಸಿನಲ್ಲಿ ನಾವು ಐವರು ಹೋಗಿದ್ದೆವು. ನಡುದಾರಿಯಲ್ಲಿ ಸಿಗುವ ಗಿರಿಗದ್ದೆ ಎಂಬ ಜಾಗ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ, ಅದರಾಚೆ ಒದ್ದೆ ಬಂಡೆಗಳ ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡು. ಶೇಷಪರ್ವತದಲ್ಲೇ ಒಬ್ಬ ಗೆಳೆಯನಿಗೆ ಮೊಣಕಾಲು ನೋಯತೊಡಗಿತ್ತು. ಮುಂದೆ ಸಾಗಿದ್ದ ನಮ್ಮನ್ನು ಕರೆದು ನಿಲ್ಲಿಸಲು ಸಂಕೋಚಪಟ್ಟು ಅವನು ಹೇಳಲೇ ಇಲ್ಲ. ಹಿಂದಿರುಗುವಾಗ ಅವನು ಹುಲ್ಲಿನ ಬುಡ ಹಿಡಿದು, ಕುಳಿತು ಕುಳಿತು ಜಾರುತ್ತಿದ್ದುದನ್ನು ಕಂಡಾಗಲೇ ನಮಗೆ ತಿಳಿದದ್ದು. ಗಿರಿಗದ್ದೆ ಸೇರುವಷ್ಟರಲ್ಲಿ ಕತ್ತಲಾಗಿತ್ತು, ಐವರಿಗೆ ಒಂದೇ ಟಾರ್ಚು. ಅವನ ಅಂಗೈಯ ತುಂಬ ಹುಲ್ಲಿನ ಅಂಚು ಕೊಯ್ದ ಗೀರುಗಳಿದ್ದವು. ಗೆಳೆಯ ಹೇಳಲಿಲ್ಲವೆಂದು ಆಗ ಕೋಪ ಬಂದಿತ್ತು. ಕೇಳಬೇಕಾದವರು ನಾವಾಗಿದ್ದೆವೆಂಬ ನೋವು ಇಂದಿಗೂ ನನಗಿದೆ.

ಆದ್ದರಿಂದ ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನನ್ನೇ ಮುಂದೆ ಬಿಡಿ. ಎಷ್ಟು ಗಂಟೆಗೆ ಹಿಂದಿರುಗಬೇಕೆಂಬುದನ್ನು ಗಿರಿಗದ್ದೆ ಬಿಡುವ ಮೊದಲೇ ಒಪ್ಪಿಕೊಳ್ಳಿ. ಆ ಹೊತ್ತಿಗೆ ಶಿಖರ ಕಣ್ಣೆದುರಿಗಿದ್ದರೂ ತಿರುಗಿಬಿಡಿ. ನೀರನ್ನು ಗಿರಿಗದ್ದೆಯಲ್ಲೇ ತುಂಬಿಕೊಳ್ಳಿ, ಮೇಲಿನ ತೊರೆಯನ್ನು ನೆಚ್ಚಬೇಡಿ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಿರಿ. ಹಿಂದಿನ ದಿನ ಕಾಲುಗುರು ಕತ್ತರಿಸಿಕೊಂಡು, ಇಳಿಯುವ ಮೊದಲು ಒಂದು ಕಡೆ ಕುಳಿತು ಬೂಟಿನ ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿದುಕೋ. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುತ್ತದೆ.

ನನ್ನ ಬೆತ್ತದ ಕೋಲನ್ನು ನಿನ್ನ ಅಪ್ಪನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅದರ ತುದಿಯ ರಬ್ಬರು ಸವೆದಿದೆ, ಹೊರಡುವ ಮೊದಲು ಹೊಸದು ಹಾಕಿಸಿಕೋ. ಕುಕ್ಕೆಗೆ ಇಳಿದ ಕೂಡಲೇ, ಎಷ್ಟು ಹೊತ್ತಾಗಿದ್ದರೂ, ನಿನ್ನ ಅಮ್ಮನಿಗೆ ಫೋನು ಮಾಡು.

ಇಂತಿ,
ನಿನ್ನ ದೊಡ್ಡಪ್ಪ