ಚಿಕ್ಕ ಮಗು ಜೊತೆ ಫ್ಲೈಟಲ್ಲಿ ಹೋಗೋರಿಗೆ
ಎಲ್ರೂ ಒಂದ್ಸಲ ಓದಿ ಪ್ಲೀಸ್. 2 ವರ್ಷದೊಳಗಿನ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಹೋಗೋಕೆ ಏರ್‌ಲೈನ್‌ನವ್ರು ಬಿಡ್ತಾರೆ ನಿಜ, ಆದ್ರೆ ಟರ್ಬ್ಯುಲೆನ್ಸಲ್ಲಿ (ಗಾಳಿ ಏರುಪೇರಾಗಿ ವಿಮಾನ ಕುಲುಕಾಡೋದು) ವಿಮಾನ ದಿಢೀರ್ ಅಂತ ಕೆಳಗಿಳಿದ್ರೆ ಎಷ್ಟೇ ಗಟ್ಟಿಯಾಗಿ ಹಿಡ್ಕೊಂಡಿದ್ರೂ ಮಗು ಕೈಜಾರಿ ಹೋಗ್ಬಹುದು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ಆದಷ್ಟು ಮಗೂಗೂ ಒಂದು ಸೀಟ್ ಬುಕ್ ಮಾಡಿ ಕಾರ್ ಸೀಟ್ (ಮಗೂನ ಬೆಲ್ಟ್ ಹಾಕಿ ಕೂರಿಸೋ ಮಕ್ಕಳ ಸೀಟ್) ತಗೊಂಡ್ಹೋಗಿ, ಅದ್ರ ಮೇಲೆ ವಿಮಾನದಲ್ಲಿ ಬಳಸ್ಬಹುದು ಅನ್ನೋ ಲೇಬಲ್ ಇದ್ಯಾ ನೋಡ್ಕೊಳಿ, ಅಗಲ ಹಿಡಿಸತ್ತಾ ಅಂತ ಮೊದ್ಲೇ ಏರ್‌ಲೈನ್‌ನವ್ರನ್ನ ಕೇಳಿ, ಕಿಟಕಿ ಪಕ್ಕದ ಸೀಟೇ ತಗೊಳಿ ಯಾಕಂದ್ರೆ ಅರ್ಜೆಂಟಾಗಿ ಇಳೀಬೇಕಾದ್ರೆ ಬೇರೆಯವ್ರಿಗೆ ಅಡ್ಡ ಆಗ್ಬಾರ್ದು. 10ರಿಂದ 20 ಕೆಜಿ ತೂಕದ ಮಕ್ಕಳಿಗೆ ಕೇರ್ಸ್ (CARES) ಅಂತ ಹಾರ್ನೆಸ್, ಅಂದ್ರೆ ವಿಮಾನದ ಸೀಟಿಗೆ ಕಟ್ಟಿ ಮಗೂಗೆ ಹಾಕೋ ಬೆಲ್ಟ್, ಸಿಗತ್ತೆ, ಹೊರೋಕೂ ಸುಲಭ. ಮತ್ತೆ ನಿಮ್ಮ ಬೆಲ್ಟ್ ಒಳಗೇ ಮಗೂನೂ ಸೇರಿಸಿ ಮಾತ್ರ ಹಾಕ್ಬೇಡಿ, ಜರ್ಕ್ ಹೊಡದ್ರೆ ನಿಮ್ಮ ಭಾರ ಪೂರ್ತಿ ಮಗು ಮೇಲೇ ಬೀಳತ್ತೆ.